ಆರನೇ ಸಾಲಿನ ಹುಳುಗಳು

ಮಾರ್ಚ್ ೩, ಸೋಮವಾರ

ಈ ಕಟ್ಟಡದ ಮೂರನೇ ಮಹಡಿಯಲ್ಲಿ ಡಾಕ್ಟರೇಟ್ ಆದವರು ಹನ್ನೊಂದು ಜನ. ಅವರೆಲ್ಲ ಒಟ್ಟಿಗೆ ರಜೆ ಹಾಕಿದರೂ ಹುಳುಗಳಿಗೆ ಗೊತ್ತಾಗುವುದಿಲ್ಲ. ನಾನೊಬ್ಬ ಬರದಿದ್ದರೆ ಇಡೀ ಮಹಡಿ ಉಪವಾಸ. ಜಂಬಕ್ಕೆ ಬರೆಯುತ್ತಿಲ್ಲ, ಜಂಬ ಕೊಚ್ಚಿಕೊಳ್ಳುವುದಾದರೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಸಂಗತಿಗಳಿವೆ.

ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು. ಕೆಲಸ ಪ್ಲೇಟು ಹೊಯ್ಯುವುದು. ಅಗರ್ ಎಂಬ ಪುಡಿಯನ್ನು ನೀರಿಗೆ ಹಾಕಿ, ಆಟೋಕ್ಲೇವ್ ಎಂಬ ಆಳೆತ್ತರದ ಕುಕ್ಕರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಅಂಗೈಯಗಲದ ಪ್ಲೇಟುಗಳಿಗೆ ಸುರಿಯಬೇಕು. ಆರಿದರೆ ಗಟ್ಟಿ ಗಂಜಿಯಂತೆ ಕೂರುತ್ತದೆ. ಮೇಲೆ ಒಂದು ತೊಟ್ಟು ಬ್ಯಾಕ್ಟೀರಿಯಾ ಬಿಟ್ಟರೆ ಹುಳುಗಳಿಗೆ ಊಟ, ಹಾಸಿಗೆ, ಹೆರಿಗೆ ಕೋಣೆ ಎಲ್ಲ ಅದೇ. ಹುಳು ಅಂದರೆ ಮಾವಿನಹಣ್ಣಿನ ಹುಳುವಲ್ಲ. ಒಂದು ಮಿಲಿಮೀಟರ್ ಉದ್ದದ, ಗಾಜಿನಂಥ ದುಂಡುಹುಳು. ಗಂಡೂ ಹೆಣ್ಣೂ ಒಂದರಲ್ಲೇ. ಹೆಣ್ಣು ನೋಡುವ ಶಾಸ್ತ್ರವಿಲ್ಲ, ಬೀಗರ ಕಾಟವಿಲ್ಲ, ಮೂರು ದಿನಕ್ಕೊಂದು ತಲೆಮಾರು.

ನನ್ನನ್ನು ಇಲ್ಲಿಗೆ ಸೇರಿಸಿದವಳು ಅಕ್ಕನ ಮಗಳು. ಹುಟ್ಟಿದಾಗ ಹಿಡಿಯಷ್ಟಿದ್ದಳೆಂದು ನಾನೇ ಗುಬ್ಬಿ ಎಂದು ಹೆಸರಿಟ್ಟೆ. ಏಪ್ರಿಲ್‌ನಲ್ಲಿ ಅವಳ ಕೆಲಸ ನೋಡಲು ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಹೂಂ ಅಂದರೆ ಇನ್ನೆರಡು ವರ್ಷ ಜಾಗ ಗಟ್ಟಿ, ಆಮೇಲೆ ಡಾಕ್ಟರೇಟು. ಉಹೂಂ ಅಂದರೆ ಗಂಟುಮೂಟೆ.

ಇನ್ನೊಬ್ಬ ನನ್ನ ಜೊತೆಗಾರ. ಪ್ಲೇಟುಗಳಿಗೆ ಚೀಟಿ ಅಂಟಿಸಿ, ಟ್ರೇಗಳಲ್ಲಿ ಜೋಡಿಸಿ, ಬೆಚ್ಚನೆ ಕೋಣೆಯಲ್ಲಿ ಇಡುವವನು. ಗಾಳಿ ಬಂದರೆ ಹಿಡಿದುಕೊಳ್ಳಬೇಕು, ಅಂಥ ಮೈಕಟ್ಟು. ನಾನು ಒಣಕಲ ಅನ್ನುತ್ತೇನೆ. ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಮಾರ್ಚ್ ೬, ಗುರುವಾರ

ಗುಬ್ಬಿಗೆ ಇಂದು ಪುರುಸೊತ್ತಿತ್ತು. "ನೀನು ದಿನವಿಡೀ ಆ ಮೈಕ್ರೋಸ್ಕೋಪಿಗೆ ಕಣ್ಣಂಟಿಸ್ಕೊಂಡು ಏನೇ ನೋಡ್ತೀಯ?" ಎಂದು ಕೇಳಿದೆ.

"ಮಾವ, ಹುಳದ ಮೈಯಲ್ಲಿ ಚರ್ಮ, ಕರುಳು, ನರ ಎಲ್ಲ ಹುಳದ ಜೊತೆಗೇ ಸಾಯತ್ತೆ. ಮೊಟ್ಟೆ ಆಗೋ ಜೀವಕೋಶ ಮಾತ್ರ ಮುಂದಿನ ತಲೆಮಾರಿಗೆ ದಾಟತ್ತೆ. ಆ ಕೋಶದ ನ್ಯೂಕ್ಲಿಯಸ್ ಸುತ್ತ ಸಣ್ಣ ಸಣ್ಣ ಕಣಗಳು ಇರ್ತವೆ, ನೀರಿನ ಮೇಲೆ ಎಣ್ಣೆ ತೊಟ್ಟು ನಿಲ್ಲಲ್ವಾ, ಹಾಗೆ."

"ಅವೇನ್ ಮಾಡ್ತವೆ, ಸುಮ್ನೆ ಕೂತಿರ್ತವಾ?"

"ಕಾವಲು ಕಾಯ್ತವೆ. ನ್ಯೂಕ್ಲಿಯಸ್ಸಿಂದ ಹೊರಗೆ ಬರೋ ಸಂದೇಶಾನೆಲ್ಲ ತಡೆದು ನೋಡ್ತವೆ. ಇದು ನಮ್ದಾ, ಹೊರಗಿನವರದ್ದಾ ಅಂತ. ನಮ್ದಾದ್ರೆ ಬಿಡ್ತವೆ. ಹೊರಗಿನದಾದ್ರೆ ಕತ್ತರಿಸಿ ಹಾಕಿಸ್ತವೆ."

"ನಮ್ಮ ಗೇಟಿನವನಿಗಿಂತ ವಾಸಿ ಬಿಡು. ಅವನು ಯಾರನ್ನೂ ನೋಡಲ್ಲ."

ಅವಳು ನಕ್ಕಳು. "ಕೆಲವು ಹುಳುಗಳಲ್ಲಿ ಒಂದು ಕೊರತೆ ಇದೆ. ಅವುಗಳಲ್ಲಿ ಕಣ ಸರಿಯಾಗಿ ಕೂರಲ್ಲ, ಚೆಲ್ಲಾಪಿಲ್ಲಿ. ಹಾಗಂತ ಹುಳ ಸಾಯಲ್ಲ. ಮಕ್ಕಳಾಗತ್ತೆ, ಮೊಮ್ಮಕ್ಕಳಾಗತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಆದ್ರೆ ತಲೆಮಾರು ಕಳೀತಾ ಕಳೀತಾ..."

ಅಷ್ಟರಲ್ಲಿ ಆಟೋಕ್ಲೇವ್ ಕೂಗಿತು. ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ಅವಳು ಮಾತಿನ ಬಾಲದಲ್ಲಿದ್ದಳು: "...ಎಷ್ಟು ತಲೆಮಾರು ತಾಳ್ತವೆ ಅಂತ ನೋಡೋದೇ ನನ್ನ ಕೆಲಸ."

ಅಷ್ಟು ಸಾಕು. ನನಗೆ ಪೂರ್ತಿ ಕೇಳುವ ಅಭ್ಯಾಸವಿಲ್ಲ, ಅಗತ್ಯವೂ ಬಿದ್ದಿಲ್ಲ. ಹತ್ತು ಸಾಲು ಹುಳುಗಳು. ಒಂದರಿಂದ ಐದು ಗಟ್ಟಿಮುಟ್ಟು, ಆರರಿಂದ ಹತ್ತು ಕುಂಟು ಕುದುರೆಗಳು. ಕುಂಟು ಕುದುರೆ ಎಷ್ಟು ದೂರ ಓಡಿದರೆ ನಮ್ಮ ಹುಡುಗಿಗೆ ಅಷ್ಟು ಹೆಸರು. ಬರಿಗಣ್ಣಿಗೆ ಎರಡೂ ಒಂದೇ. ಕಣ ನೋಡಬೇಕೆಂದರೆ ಹಸಿರು ಬೆಳಕಿನ ದೊಡ್ಡ ಮೈಕ್ರೋಸ್ಕೋಪು ಬೇಕು, ಅದರ ದೀಪ ಸುಟ್ಟು ಹೊಸದಕ್ಕೆ ಕಾಯುತ್ತಿದ್ದಾರೆ.

ಮಾರ್ಚ್ ೧೪, ಶುಕ್ರವಾರ

ಹುಳ ಎತ್ತುವುದು ಕಲಿತೆ! ಗಾಜಿನ ಕಡ್ಡಿಯ ತುದಿಗೆ ಕೂದಲೆಳೆಯಂಥ ಪ್ಲಾಟಿನಂ ತಂತಿ. ಅದರಿಂದ ಹುಳವನ್ನು ಮೆಲ್ಲಗೆ ಎತ್ತಿ ಹೊಸ ಪ್ಲೇಟಿಗೆ ಬಿಡಬೇಕು. ಗುಬ್ಬಿಗೆ ಕಲಿಯಲು ಎರಡು ವಾರ ಹಿಡಿದಿತ್ತಂತೆ. ನನಗೆ ಒಂದು ಬೆಳಗ್ಗೆ. ಗಟ್ಟಿ ಹುಳುಗಳ ದಾಸ್ತಾನು ಪ್ಲೇಟುಗಳನ್ನು ಇನ್ನು ಮೇಲೆ ನಾನೇ ಬದಲಿಸಬೇಕೆಂದು ಹೇಳಿದ್ದಾಳೆ. "ಸಾಲಿನ ಪ್ಲೇಟು ಮಾತ್ರ ಮುಟ್ಬೇಡಿ ಮಾವ, ಅದು ನಾನೇ."

ಪ್ರತಿ ಸಲ ತಂತಿಯನ್ನು ಜ್ವಾಲೆಗೆ ಹಿಡಿದು ಸುಡಬೇಕು. ತುದಿಯಲ್ಲಿ ಹುಳ ಉಳಿದಿದ್ದರೆ ಚಟ್ ಅನ್ನುತ್ತದೆ. ಒಣಕಲ ಮುಖ ತಿರುಗಿಸಿದ. ಅವನಿಗೆಂದೇ ಇನ್ನೂ ನಾಲ್ಕು ಸುಟ್ಟು ತೋರಿಸಿದೆ.

ಮಾರ್ಚ್ ೧೮, ಮಂಗಳವಾರ

ಈ ಲ್ಯಾಬಿನ ಯಜಮಾನಿ, ಗುಬ್ಬಿಯ ಗೈಡು, ನಮ್ಮ ಮೇಡಂ ಇಂದು ಎಲ್ಲರೆದುರು ನನಗೆ ಬೈದರು. ಪಕ್ಕದ ಗುಂಪಿನ ಒಂದು ಟ್ರೇಗೆ ಬೂಷ್ಟು ಬಂದಿತ್ತು, ಅಷ್ಟೆ. ಮೇಡಂ ಜೋರಾಗಿ ಮಾತಾಡುವುದಿಲ್ಲ, ಕನ್ನಡಕ ಒರೆಸುತ್ತಾ ಮಾತಾಡುತ್ತಾರೆ.

"ಪ್ಲೇಟ್ ಕೆಟ್ಟರೆ ಹುಳ ಮೊಟ್ಟೆ ಇಡೋದು ನಿಲ್ಲಿಸತ್ತೆ, ಗೊತ್ತಾ ನಿಮಗೆ? ಇನ್ನೊಂದ್ ಪ್ಲೇಟ್ ಹಾಳಾದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ. ಅಡುಗೆಮನೆ ಕೆಲಸ ಎಲ್ಲಿ ಬೇಕಾದ್ರೂ ಸಿಗತ್ತೆ ನಿಮಗೆ."

ಅಡುಗೆಮನೆ ಕೆಲಸ! ಹನ್ನೊಂದು ಡಾಕ್ಟರೇಟುಗಳು ನೆಲ ನೋಡುತ್ತಿದ್ದವು. ಗುಬ್ಬಿಯೂ ನೆಲ ನೋಡಿದಳು. ಒಣಕಲ ಆಮೇಲೆ ಡಬ್ಬಿ ಬಿಚ್ಚುತ್ತಾ, "ಅಣ್ಣಾ, ನಿನ್ ಪ್ಲೇಟ್ ತಿಂದ್ರೆ ಹುಳಕ್ಕೂ ಸಂಸಾರ ಬೇಡ ಅನ್ಸತ್ತೇನೋ" ಎಂದ. ಅವನ ಉಪ್ಪಿನಕಾಯಿಯನ್ನೆಲ್ಲ ನಾನೇ ತಿಂದು ಮುಗಿಸಿದೆ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಈಗೀಗ ಹಾಗೇ ಬರುತ್ತೇನೆ, ನನ್ನ ಪ್ಲೇಟುಗಳನ್ನು ನೋಡಿಕೊಳ್ಳಲು. ಆರನೇ ಸಾಲಿನ ಪ್ಲೇಟು ತೆಗೆದು ಸಣ್ಣ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹುಳುಗಳು ಪುಷ್ಟಿಯಾಗಿವೆ, ಓಡಾಡಿಕೊಂಡಿವೆ, ಒಂದೇ ಒಂದು ಮೊಟ್ಟೆಯಿಲ್ಲ. ಮರಿಯಿಲ್ಲ. ಬಂಜೆ ಪ್ಲೇಟು.

ನನ್ನ ಪ್ಲೇಟು!

ಮೇಡಂ ಕಣ್ಣಿಗೆ ಬಿದ್ದರೆ ನನ್ನ ಕಥೆ ಮುಗಿಯಿತು. ಗುಬ್ಬಿಯ ಕುದುರೆಯೂ ಮುಗ್ಗರಿಸಿತು. ಎರಡಕ್ಕೂ ಒಂದೇ ಮದ್ದು. ಆ ಬಂಜೆಗಳನ್ನು ಒಂದೊಂದಾಗಿ ಎತ್ತಿ ಜ್ವಾಲೆಗೆ ಹಿಡಿದೆ. ದಾಸ್ತಾನು ಪ್ಲೇಟಿನಿಂದ ಹೊಟ್ಟೆ ತುಂಬ ಮೊಟ್ಟೆಯಿರುವ ಗಟ್ಟಿ ಹುಳುಗಳನ್ನು ತಂದು ಬಿಟ್ಟೆ. ಗುಬ್ಬಿ ಬರುವಷ್ಟರಲ್ಲಿ ಪ್ಲೇಟಿನ ತುಂಬ ಮೊಟ್ಟೆ. ಅವಳು ನೋಡಿ ಬರೆದುಕೊಂಡಳು.

ಮನೆಗೆ ಬಂದು ಇವಳ ಮುಂದೆ ಎಲ್ಲ ಹೇಳಿದೆ. ಹೆಂಡತಿಗಲ್ಲದೆ ಇನ್ಯಾರಿಗೆ ಹೇಳಲಿ?

"ಗುಬ್ಬಿಗೆ ಹೇಳಿದ್ರಾ?" ಎಂದಳು.

"ಹೇಳಿದ್ರೆ ನನ್ನ ಪ್ಲೇಟಿನ ಮರ್ಯಾದೆ ಏನಾಗ್ಬೇಕು? ಬಂಜೆ ಹುಳ ಹೋಯ್ತು, ಬಾಳಂತಿ ಹುಳ ಬಂತು. ಯಾವ ದೇವರಿಗೂ ಇಷ್ಟು ಬೇಗ ಆಗಲ್ಲ ನೋಡು."

ಇವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು. ನಮಗೆ ಮಕ್ಕಳಿಲ್ಲದ್ದು ಆಗಲೇ ನೆನಪಾದದ್ದು ನನಗೆ. ಅಷ್ಟಕ್ಕೆಲ್ಲ ಮುನಿಸಿಕೊಂಡರೆ ಹೇಗೆ? ನಾನು ಹುಳದ ಮಾತಾಡುತ್ತಿದ್ದೆ.

ಏಪ್ರಿಲ್ ೨, ಬುಧವಾರ

ಎಂಟನೆಯದೂ ಒಂಬತ್ತನೆಯದೂ ಖಾಲಿಯಾದವು. ಅವಕ್ಕೂ ಗಟ್ಟಿ ಹುಳ ತಂದು ಬಿಟ್ಟೆ. ಮುಂದಿನ ವಾರ ಹತ್ತನೆಯದರ ಸರದಿ ಇರಬೇಕು. ಮೊಟ್ಟೆ ತೀರಾ ವಿರಳವಾಗಿದೆ. ಈಗ ಕೈ ಪಳಗಿದೆ, ಹಲ್ಲುಜ್ಜಿದಷ್ಟು ಸಲೀಸು.

ಗುಬ್ಬಿಯ ಕಣ್ಣು ಹೊಳೆಯುತ್ತಿದೆ. "ಮಾವ, ಇನ್ನೂ ನಿಂತಿಲ್ಲ! ಮೇಡಂ ಇಷ್ಟು ವರ್ಷ ಹೇಳ್ತಾ ಬಂದಿದ್ದೇ ತಪ್ಪಿರಬಹುದು. ಯಾರಿಗೂ ಹೇಳ್ಬೇಡಿ."

ನಾನು ಯಾರಿಗೆ ಹೇಳಲಿ! ನನ್ನ ಕೈಗುಣದಿಂದ ಒಂದು ಹುಡುಗಿ ಮೇಲೆ ಬರುತ್ತಿದ್ದಾಳೆ. ಅಕ್ಕನಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದೆ.

ಊಟದ ಹೊತ್ತಿಗೆ ಒಣಕಲ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಒಂದು ಗುಟ್ಟು ಹೇಳಿದ. ಅವನಿಗೆ ಕಣ್ಣು ಮಂಜಾಗುತ್ತಾ ಬಂದಿದೆಯಂತೆ. ಚೀಟಿಯ ಮೇಲಿನ ಅಕ್ಷರ ಓದಲಾಗುತ್ತಿಲ್ಲ, ಬಣ್ಣ ನೋಡಿ ಅಂದಾಜಿನ ಮೇಲೆ ಜೋಡಿಸುತ್ತಾನಂತೆ.

"ಮೇಡಂಗೆ ಗೊತ್ತಾದ್ರೆ ಅವತ್ತೇ ಕಳಿಸ್ಬಿಡ್ತಾರೆ ಅಣ್ಣ. ಕೆಲಸ ಹೋದ್ರೆ ಕ್ವಾರ್ಟರ್ಸೂ ಹೋಗತ್ತೆ. ಇಬ್ರು ಹೆಣ್ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ನಿನ್ ಹೊಟ್ಟೇಲಿರ್ಲಿ."

"ನನ್ ಹೊಟ್ಟೆ ಬಾವಿ ಕಣೋ. ಬಿದ್ದಿದ್ದು ಮೇಲೆ ಬರಲ್ಲ" ಎಂದೆ. ಅವನು ತನ್ನ ಉಪ್ಪಿನಕಾಯಿ ತಾನಾಗಿಯೇ ನನ್ನ ಕಡೆ ತಳ್ಳಿದ.

ಏಪ್ರಿಲ್ ೧೫, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಪರೀಕ್ಷಕರು ಬಂದರು. ಮೂವರು. ಅವರಲ್ಲಿ ಒಬ್ಬ ಮುದುಕ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ನಾನು ಟ್ರೇ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಗುಬ್ಬಿ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದಳು. ಕಣಗಳು ಕೆಟ್ಟರೆ ವಂಶ ನಿಲ್ಲುತ್ತದೆ ಎಂದು ಎಲ್ಲರೂ ಬರೆದಿದ್ದಾರೆ, ನನ್ನ ಕೈಯಲ್ಲಿ ನಿಂತಿಲ್ಲ ಎಂದಳು.

ಆಗ ತಿಳಿಯಿತು ನನಗೆ. ಕುಂಟು ಕುದುರೆ ಬೀಳಬೇಕಿತ್ತು. ಯಾವ ತಲೆಮಾರಿನಲ್ಲಿ ಬೀಳುತ್ತದೆ ಎನ್ನುವುದೇ ಅವಳ ಲೆಕ್ಕವಾಗಿತ್ತು. ಖಾಲಿ ಪ್ಲೇಟೇ ಅವಳ ಫಲ.

ಟ್ರೇಯನ್ನು ಪಕ್ಕದ ಮೇಜಿನ ಮೇಲಿಟ್ಟೆ.

ಮುದುಕ ಕೇಳಿದ: "ಕಣ ನೋಡಿದ್ರಾ ಈಚೆಗೆ?"

"ಮೊದಲು ನೋಡಿದ್ದೆ ಸರ್. ದೀಪ ಹೋಗಿತ್ತು. ನಿನ್ನೆ ಬಂತು."

"ಹಾಗಾದ್ರೆ ಈಗ್ಲೇ ನೋಡೋಣ ಬನ್ನಿ."

ಕತ್ತಲೆ ಕೋಣೆಯಲ್ಲಿ ಆರನೇ ಸಾಲಿನ ಹುಳವನ್ನು ದೊಡ್ಡ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಪರದೆಯ ಮೇಲೆ ಬಂತು. ನಾನೂ ನೋಡಿದೆ. ಸಾಲು ಸಾಲು ಕೋಶಗಳು, ಒಂದೊಂದರ ನಡುವೆ ಕಪ್ಪು ಗುಂಡು, ಅದರ ಸುತ್ತ ಹಸಿರು ಮಣಿಗಳ ಸರ. ಒಂದು ಮಣಿಯೂ ಜಾಗ ಬಿಟ್ಟಿಲ್ಲ. ಇಷ್ಟು ದಿನ ಊಟ ಹಾಕಿದವನು ನಾನು, ಇಂಥದ್ದು ಒಳಗಿದೆಯೆಂದು ಕಂಡಿರಲಿಲ್ಲ.

"ಇವು ಕೊರತೆ ಇರೋ ಹುಳ ಅಲ್ಲಮ್ಮ" ಎಂದ ಮುದುಕ, ಸೌಮ್ಯವಾಗಿಯೇ. "ಒಳ್ಳೇ ಹುಳ. ಯಾರೋ ಬೆರೆಸಿದ್ದಾರೆ."

ಎಂಟು, ಒಂಬತ್ತು, ಹತ್ತು, ಎಲ್ಲ ನೋಡಿದರು. ಎಲ್ಲದರಲ್ಲೂ ಸರ. ಏಳು ಮಾತ್ರ ಚೆಲ್ಲಾಪಿಲ್ಲಿ. ಅದನ್ನು ನಾನು ಮುಟ್ಟಿರಲಿಲ್ಲ.

ಮೇಡಂ ಕನ್ನಡಕ ಒರೆಸಿದರು. "ನಾನು ತಪ್ಪು ಅಂತ ತೋರಿಸೋ ಆತುರದಲ್ಲಿ ನಿನ್ ಮುಂದಿರೋ ಹುಳ ಯಾವುದು ಅಂತಾನೇ ನಿನಗೆ ಗೊತ್ತಾಗ್ಲಿಲ್ಲ. ಬೆರಕೆ ಹೇಗಾಯ್ತು ಅಂತ ಗುರುವಾರದೊಳಗೆ ಹೇಳು. ಹೇಳಕ್ಕಾಗ್ದಿದ್ರೆ ನೀನೇ ಮಾಡಿದ್ದು ಅಂತ ನಾನು ಬರೀತೀನಿ. ಆಮೇಲೆ ಯಾವ ಲ್ಯಾಬಲ್ಲೂ ನಿನ್ನ ಕಸ ಗುಡಿಸೋಕೂ ಕರೆಯಲ್ಲ."

ಏಪ್ರಿಲ್ ೧೬, ಬುಧವಾರ

ಗುಬ್ಬಿ ತೊಳೆಯುವ ಕೋಣೆಗೆ ಬಂದು ಬಾಗಿಲು ಹಾಕಿದಳು. ಅತ್ತಿರಲಿಲ್ಲ.

"ಮಾವ, ನೀವಾ?"

ಹೇಳಿದೆ. ನಿನ್ನ ಒಳ್ಳೆಯದಕ್ಕೇ, ಎಂದೂ ಹೇಳಿದೆ. ಅವಳು ಕೈಯೆತ್ತಿದಳು. ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ನಲ್ಲಿ ತಿರುಗಿಸುತ್ತಿದ್ದಳು, ನಮ್ಮ ಮಾತು ಹೊರಗೆ ಕೇಳಿಸದಿರಲೆಂದು.

"ಇನ್ಯಾರಿಗೆ ಗೊತ್ತು?"

"ನಿಮ್ಮತ್ತೆಗೆ."

"ಅತ್ತೆ ಬಾಯಿ ಬಿಡಲ್ಲ. ನೀವು ಮಾಡಿದ್ದು ಅಂತ ಗೊತ್ತಾದ್ರೆ ನಾನು ಮಾಡಿದ್ದಕ್ಕಿಂತ ಕಡೆ. ನಿಮ್ಮನ್ನ ಕರ್ಕೊಂಡು ಬಂದೋಳು ನಾನು, ತಂತಿ ಕೈಗೆ ಕೊಟ್ಟೋಳೂ ನಾನು." ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. "ಬೆಚ್ಚನೆ ಕೋಣೆ ಬೀಗದ ಕೈ ಮೂರು ಜನರ ಹತ್ರ ಇದೆ."

ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಆದರೆ ಅವಳ ಮುಖ ನೋಡಲಾಗಲಿಲ್ಲ. "ಒಣಕಲನಿಗೆ ಕಣ್ಣು ಕಾಣಲ್ಲ ಕಣೇ" ಎಂದೆ. "ಚೀಟಿ ಓದಕ್ಕಾಗಲ್ಲ. ಅಂದಾಜಲ್ಲಿ ಜೋಡಿಸ್ತಾನೆ. ಅವನೇ ಹೇಳಿದ್ದು."

ಗುಬ್ಬಿ ನಲ್ಲಿ ನಿಲ್ಲಿಸಿದಳು.

"ಇಬ್ರು ಮಕ್ಕಳಿದ್ದಾರೆ ಅವನಿಗೆ" ಎಂದೂ ನಾನೇ ಹೇಳಿದೆ.

"ನೀವು ನಮ್ಮೋರು ಮಾವ. ಅವನು ಯಾರು?"

ಏಪ್ರಿಲ್ ೧೭, ಗುರುವಾರ

ಮೇಡಂ ಕೋಣೆಯಲ್ಲಿ ವಿಚಾರಣೆ. ಒಣಕಲನ ಕೈಗೆ ಒಂದು ಪ್ಲೇಟು ಕೊಟ್ಟು ಚೀಟಿ ಓದು ಅಂದರು. ಅವನು ಅದನ್ನು ಮೂಗಿನ ಹತ್ತಿರ ಹಿಡಿದ, ದೂರ ಹಿಡಿದ, ಕಿಟಕಿಯ ಕಡೆ ತಿರುಗಿಸಿದ. "ಆರು" ಎಂದ. ಮೂರು ಇತ್ತು. ಯಾರೋ ಒಬ್ಬ ಡಾಕ್ಟರೇಟು ಕಿಸಕ್ಕನೆ ನಕ್ಕ.

"ಅಣ್ಣನ್ ಕೇಳಿ ಮೇಡಂ" ಎಂದ ಒಣಕಲ. "ನಾನು ಎಷ್ಟು ಹುಷಾರಾಗಿ ಇಡ್ತೀನಿ ಅಂತ ಅವನಿಗೆ ಗೊತ್ತು."

ಮೇಡಂ ನನ್ನ ಕಡೆ ನೋಡಿದರು. ಗುಬ್ಬಿ ನೋಡಲಿಲ್ಲ.

"ಎರಡ್ಮೂರು ಸಲ ಟ್ರೇ ಅದಲುಬದಲಾಗಿದ್ದು ಕಂಡಿತ್ತು" ಎಂದೆ. "ಪಾಪ ಅಂತ ಸುಮ್ನಿದ್ದೆ."

ನಾಲಿಗೆ ತಡವರಿಸಲಿಲ್ಲ. ಮಾತು ನನಗೆ ಯಾವಾಗಲೂ ಸಲೀಸು. ಹೊರಗೆ ಹೋಗುವಾಗ ಮೇಡಂ ಅಂದರು: "ಈ ಗಲಾಟೆಯಲ್ಲಿ ನಿಮ್ಮ ಪ್ಲೇಟ್ ಒಂದೇ ಸರಿಯಾಗಿದ್ದಿದ್ದು."

ಇದನ್ನು ಹನ್ನೊಂದು ಜನರೂ ಕೇಳಿಸಿಕೊಂಡರು.

ಏಪ್ರಿಲ್ ೨೨, ಮಂಗಳವಾರ

ಒಣಕಲ ಕ್ವಾರ್ಟರ್ಸ್ ಖಾಲಿ ಮಾಡಿದ. ಮಂಚ ಇಳಿಸಲು ಕೈ ಬೇಕಿತ್ತಂತೆ. ನನಗೆ ಪ್ಲೇಟು ಹೊಯ್ಯುವುದಿತ್ತು.

ಜೂನ್ ೨೦, ಶುಕ್ರವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಕೆಲಸದವನ ತಪ್ಪು ಎಂದು ತೀರ್ಮಾನವಾಗಿ ಗುಬ್ಬಿಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ಹೆಪ್ಪುಗಟ್ಟಿಸಿ ಇಟ್ಟಿದ್ದ ಹಳೆಯ ಹುಳುಗಳನ್ನು ಕರಗಿಸಿ ಮೊದಲಿನಿಂದ ಶುರು ಮಾಡಿದಳು. ಈ ವಾರ ಆರನೆಯದು ನಿಂತಿತು. ಇಂದು ಎಂಟನೆಯದು. ದೊಡ್ಡ ಮೈಕ್ರೋಸ್ಕೋಪಿನಲ್ಲಿ ಕಣಗಳು ಚೆಲ್ಲಿದ ಸಾಸಿವೆಯಂತಿದ್ದವಂತೆ. ಮೇಡಂ ಅವಳ ಬೆನ್ನು ತಟ್ಟಿದರು. ಅಲ್ಲಿ ನಾನಿರಲಿಲ್ಲ, ಒಣಕಲನ ಜಾಗಕ್ಕೆ ಬಂದ ಹೊಸಬ ಹೇಳಿದ. ಬೆಚ್ಚನೆ ಕೋಣೆಯ ಬೀಗದ ಕೈ ಗುಬ್ಬಿ ನನ್ನಿಂದ ವಾಪಸು ತೆಗೆದುಕೊಂಡಿದ್ದಾಳೆ. ತಂತಿಯನ್ನೂ. ಓಣಿಯಲ್ಲಿ ಎದುರಾದರೆ "ಊಟ ಆಯ್ತಾ ಮಾವ" ಅನ್ನುತ್ತಾಳೆ, ನಿಲ್ಲುವುದಿಲ್ಲ.

ಹೊಸಬನಿಗೆ ಅಡ್ಡಹೆಸರು ಇಡಬೇಕೆಂದುಕೊಂಡೆ. ಯಾವುದೂ ಹೊಳೆಯಲಿಲ್ಲ.

ಸಂಜೆ ಕಸದ ಬುಟ್ಟಿಯಲ್ಲಿ ಎಂಟನೇ ಸಾಲಿನ ಪ್ಲೇಟು ಕಂಡಿತು. ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಮೊಟ್ಟೆ ಇಡದ ಹುಳುಗಳು ಇನ್ನೂ ಅತ್ತಿತ್ತ ಓಡಾಡುತ್ತಿದ್ದವು. ಬೇಯಿಸಿ ಎಸೆಯಬೇಕಿತ್ತು. ಮುಚ್ಚಳ ಹಾಕಿ ಮತ್ತೆ ಬುಟ್ಟಿಯಲ್ಲೇ ಇಟ್ಟು ಬಂದೆ.

ಜೂನ್ ೨೯, ಭಾನುವಾರ

ಈ ಸಂಜೆ ಒಣಕಲ ಮನೆಗೆ ಬಂದ. ಮೂರು ಮಹಡಿ ಹತ್ತಿ, ಮೂರು ಬಾಗಿಲು ತಟ್ಟಿ, ನಾಲ್ಕನೆಯದು ನಮ್ಮದು. ಇನ್ನೂ ಒಣಗಿದ್ದಾನೆ. ಇವಳು ಕುರ್ಚಿ ಎಳೆದು ಕೂರಿಸಿ ಚಹಾ ತಂದಳು.

"ಎಲ್ಲಿದ್ದೀಯೋ ಈಗ?"

"ಹೆಂಡ್ತಿ ಅಣ್ಣನ ಮನೇಲಿ. ಮಕ್ಕಳು ಅಲ್ಲೇ ಪಾತ್ರೆ ತೊಳೀತಾರೆ. ದೊಡ್ಡೋಳದ್ದು ಸ್ಕೂಲ್ ಬಿಡಿಸಿದ್ವಿ." ಲೋಟ ಎರಡೂ ಕೈಯಲ್ಲಿ ಹಿಡಿದಿದ್ದ. "ಅಣ್ಣಾ, ಗುಬ್ಬಿ ಮೇಡಂಗೆ ಒಂದ್ ಮಾತು ಹೇಳ್ತೀಯಾ? ಗುಡಿಸೋ ಕೆಲಸ ಆದ್ರೂ ಸರಿ. ಚೀಟಿ ಗೀಟಿ ಬೇಡ. ನಿನ್ ಮಾತಿಗೆ ಬೆಲೆ ಇದೆ ಅಲ್ಲಿ."

"ಇಲ್ದೆ ಏನು! ಮೇಡಮ್ಮೇ ನನ್ನ ಕೇಳ್ದೆ ಒಂದು ಪ್ಲೇಟ್ ಮುಟ್ಟಲ್ಲ ಈಗ" ಎಂದೆ. ಬಾಯಿಗೆ ಅದೇ ಬಂತು. "ನಾಳೇನೇ ಮಾತಾಡ್ತೀನಿ."

ಅವನು ತಡವಿ ಲೋಟ ನೆಲಕ್ಕಿಟ್ಟ.

"ಮೊದ್ಲು ನಾನಲ್ಲ ಅಂತಾನೇ ಅಂದ್ಕೊಂಡಿದ್ದೆ ಅಣ್ಣ. ಆಮೇಲೆ ಯೋಚ್ನೆ ಮಾಡಿ ಮಾಡಿ ನೋಡ್ದೆ. ನಾನೇ ಇರ್ಬೇಕು. ಕಣ್ಣೇ ಕಾಣ್ದಿದ್ದೋನು ಯಾವ್ದನ್ನ ಎಲ್ಲಿಟ್ನೋ. ಆ ಹುಡುಗಿ ಬಾಳು ಹಾಳ್ಮಾಡ್ತಿದ್ದೆ. ನಿಂಗೂ ನನ್ನಿಂದ ಕೆಟ್ಟ ಹೆಸರು ಬರ್ತಿತ್ತು. ಅದಕ್ಕೇ ಬಂದಿದ್ದು. ತಪ್ಪಾಯ್ತು ಅಂತ ಹೇಳೋಕೆ."

ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳಲೇಬೇಕಿತ್ತು.

"ಹೋಗ್ಲಿ ಬಿಡೋ" ಎಂದೆ. "ಬೇಕು ಅಂತ ಮಾಡ್ಲಿಲ್ವಲ್ಲ ನೀನು. ನನ್ ಮನಸಲ್ಲಿ ಏನೂ ಇಲ್ಲ."

ಅವನ ಮುಖ ಬಿಚ್ಚಿಕೊಂಡಿತು. ನನ್ನ ಕೈ ಹಿಡಿದುಕೊಳ್ಳಲು ಮುಂದೆ ಬಾಗಿ, ಪಕ್ಕದ ಕುರ್ಚಿಯ ತೋಳನ್ನು ಹಿಡಿದು ಒತ್ತಿದ. ತಪ್ಪು ಗೊತ್ತಾಗಿ ತಾನೇ ನಕ್ಕ. ನಾನೂ ನಕ್ಕೆ. ಇವಳು ನಗಲಿಲ್ಲ. ಬಂದು ಅವನ ಮೊಳಕೈ ಹಿಡಿದಳು.

"ಮೆಟ್ಟಿಲು ಕತ್ತಲೆ ಇದೆ. ನಾನು ಕೆಳಗೆ ಬಿಟ್ಟು ಬರ್ತೀನಿ ನಡಿ ತಮ್ಮಾ."

"ನೀನ್ಯಾಕೆ? ನಾನು ಹೋಗ್ತೀನಿ" ಎಂದು ಎದ್ದೆ.

"ನೀವು ಕೂತ್ಕೊಳ್ಳಿ" ಎಂದಳು. ಮದುವೆಯಾದ ಮೇಲೆ ಒಮ್ಮೆಯೂ ನನಗೆ ಆ ದನಿಯಲ್ಲಿ ಹೇಳಿದವಳಲ್ಲ. ಕೂತೆ.

ಹೋಗಿ ಬಹಳ ಹೊತ್ತಾಯಿತು. ಅಲ್ಲಿಯವರೆಗೆ ಇರಲಿ ಎಂದು ಇದನ್ನು ಬರೆಯಲು ಶುರು ಮಾಡಿದೆ. ಕಿಟಕಿಯಿಂದ ಕೆಳಗೆ ಕಾಣುತ್ತದೆ. ಗೇಟಿನ ಹತ್ತಿರ ಇಬ್ಬರೂ ನಿಂತಿದ್ದಾರೆ. ಇವಳೇ ಮಾತಾಡುತ್ತಿದ್ದಾಳೆ. ಕೈ ಆಡಿಸುತ್ತಿಲ್ಲ, ಸುಮ್ಮನೆ ನಿಂತು ಹೇಳುತ್ತಿದ್ದಾಳೆ. ಅವನು ಕಿವಿ ಕೊಟ್ಟು ಬಾಗಿದ್ದಾನೆ. ಏನಾದರೂ ಮನೆ ಮಾತಿರಬೇಕು. ಅವನ ಹೆಂಡತಿಯನ್ನು ವಿಚಾರಿಸುತ್ತಿರಬೇಕು.

ಈಗ ಅವನು ನೆಟ್ಟಗೆ ನಿಂತ. ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡುತ್ತಿದ್ದಾನೆ. ಅಷ್ಟು ದೂರದಿಂದ ಅವನಿಗೆ ಏನೂ ಕಾಣುವುದಿಲ್ಲ. ನನಗದು ಚೆನ್ನಾಗಿ ಗೊತ್ತು.

ಎದ್ದು ಪರದೆ ಎಳೆದು ಬಂದೆ.